ಓದಿ ನೋಡುವುದಾ, ನೋಡಿ ಓದುವುದಾ?

"ಸಿನಿಮಾ ಚೆನ್ನಾಗಿದೆ, ಆದರೆ ಪುಸ್ತಕದ ಮುಂದೆ ಏನೂ ಅಲ್ಲ." ಕಾದಂಬರಿ ಆಧರಿಸಿದ ಯಾವ ಸಿನಿಮಾದ ಮಾತು ಬಂದರೂ ಯಾರಾದರೊಬ್ಬರು ಇದನ್ನು ಹೇಳೇ ಹೇಳುತ್ತಾರೆ. ಪುಸ್ತಕ ಓದದೇ ಇರುವವರೂ ಹೇಳುತ್ತಾರೆ, ಅದು ಬೇರೆ ವಿಷಯ. ಈ ತೀರ್ಪಿನಿಂದ ಓದುವವರಿಗೆ ಏನೂ ಉಪಯೋಗ ಇಲ್ಲ ಅಂತ ನನಗನ್ನಿಸುತ್ತದೆ. ಎರಡೂ ಕೈಗೆ ಸಿಗುವಾಗ ಮೊದಲು ಯಾವುದನ್ನು ತೆಗೆದುಕೊಳ್ಳಬೇಕು? ಗೊತ್ತಾಗಬೇಕಾಗಿರುವುದು ಅದು. ಮೊದಲು ಬಂದದ್ದು ಎರಡನೆಯದರ ಮೇಲೆ ಕೂತುಬಿಡುತ್ತದೆ ಅಲ್ವಾ? ನಟನ ಮುಖ, ದನಿ, ಮನೆಯ ಜಗಲಿ, ಎಲ್ಲವೂ. ಕೆಲವು ಸಲ ಅದರಿಂದ ಲಾಭ, ಕೆಲವು ಸಲ ಪೂರ್ತಿ ನಷ್ಟ. ಹಾಗಾಗಿ ಕೆಲವು ಜೋಡಿಗಳನ್ನು ಮತ್ತೆ ಬೆನ್ನುಬೆನ್ನಿಗೆ ಓದಿದೆ, ನೋಡಿದೆ. ಕೆಲವನ್ನು ಪುಸ್ತಕದಿಂದ ಶುರು ಮಾಡಿದೆ, ಕೆಲವನ್ನು ತೆರೆಯಿಂದ.

‘ಸಂಸ್ಕಾರ’ವನ್ನು ಎರಡೂ ಕ್ರಮದಲ್ಲಿ ನೋಡಿದೆ. ಯು.ಆರ್. ಅನಂತಮೂರ್ತಿಯವರ ಕಾದಂಬರಿ 1965ರದ್ದು, ಪಟ್ಟಾಭಿರಾಮ ರೆಡ್ಡಿಯವರ ಸಿನಿಮಾ 1970ರದ್ದು. ಸೆನ್ಸಾರ್‌ನವರು ಮೊದಲು ತಡೆದರು. ಆಮೇಲೆ ಅದೇ ಸಿನಿಮಾ ವರ್ಷದ ಶ್ರೇಷ್ಠ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಪಡೆಯಿತು. ಕಥೆ ಗೊತ್ತಿರುವುದೇ. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಬದುಕಿದ್ದಾಗ ಬ್ರಾಹ್ಮಣ್ಯವನ್ನೆಲ್ಲ ಧಿಕ್ಕರಿಸಿದವನು. ಅವನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು? ಹೆಣ ಎತ್ತುವವರೆಗೆ ಯಾರೂ ಊಟ ಮಾಡುವಂತಿಲ್ಲ. ಒಂದು ಕಡೆ ಹಸಿವು, ಇನ್ನೊಂದು ಕಡೆ ನಾರಣಪ್ಪನ ಜೊತೆ ಬಾಳಿದ ಚಂದ್ರಿ ತೆಗೆದಿಟ್ಟ ಒಡವೆಗಳ ಮೇಲಿನ ಆಸೆ. ನಡುವೆ ಇಲಿಗಳು ಸಾಯುತ್ತಿವೆ, ಹದ್ದುಗಳು ಮನೆ ಮೇಲೆ ಬಂದು ಕೂರುತ್ತಿವೆ.

ಈ ಭಾಗದಲ್ಲಿ ಸಿನಿಮಾ ಪುಸ್ತಕಕ್ಕೆ ಸರಿಸಮ. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಕಪ್ಪು ಬಿಳುಪಿನಲ್ಲಿ ಅವರು ತೋರಿಸುವ ಅಗ್ರಹಾರ ಎಷ್ಟು ಖಾಲಿ, ಎಷ್ಟು ಬಿಸಿ ಅಂದರೆ ನಮಗೇ ಹೊಟ್ಟೆ ಹಸಿದ ಹಾಗಾಗುತ್ತದೆ. ಇನ್ನೊಂದು ಲಾಭವೂ ಇದೆ. ಪುಸ್ತಕ ಶುರುವಾಗುವ ಹೊತ್ತಿಗೆ ನಾರಣಪ್ಪ ಹೆಣ. ಅವನು ನಮಗೆ ಬರುವುದು ಬೇರೆಯವರ ನೆನಪಿನಲ್ಲಿ. ಸಿನಿಮಾದಲ್ಲಿ ಆ ನೆನಪಿಗೆ ಪಿ. ಲಂಕೇಶರ ಮೈ ಸಿಕ್ಕಿದೆ. ಇಂಥವನು ಪಕ್ಕದ ಮನೆಯಲ್ಲಿದ್ದರೆ ಅಗ್ರಹಾರಕ್ಕೆಲ್ಲ ಗುರುವಾದ ಪಂಡಿತ ಪ್ರಾಣೇಶಾಚಾರ್ಯರಿಗೆ ನಿದ್ದೆ ಬರುತ್ತಿತ್ತಾ ಅನ್ನಿಸುತ್ತದೆ.

ಆದರೆ ಆಚಾರ್ಯರು ಅಗ್ರಹಾರ ಬಿಟ್ಟು ಹೊರಟ ಮೇಲೆ ದಾರಿ ಕವಲೊಡೆಯುತ್ತದೆ. ಪುಸ್ತಕದ ಕೊನೆಯ ಭಾಗ ಪೂರ್ತಿ ಅವರ ತಲೆಯೊಳಗೇ ನಡೆಯುತ್ತದೆ. ಮಾಲೇರ ಪುಟ್ಟ ಬೇಡವೆಂದರೂ ಜೊತೆಗೆ ಅಂಟಿಕೊಳ್ಳುತ್ತಾನೆ. ಮೇಳಿಗೆಯ ಜಾತ್ರೆಗೆ ಕರೆದೊಯ್ಯುತ್ತಾನೆ, ಕೋಳಿ ಅಂಕ ತೋರಿಸುತ್ತಾನೆ. ಹೊರಗಿನ ಕಥೆ ಇಷ್ಟೇ. ಒಳಗೆ ಮಾತ್ರ ಒಬ್ಬ ಮನುಷ್ಯ ತನ್ನನ್ನೇ ಸುಲಿದುಕೊಳ್ಳುತ್ತಿದ್ದಾನೆ: ಆ ರಾತ್ರಿ ಚಂದ್ರಿಯನ್ನು ಮುಟ್ಟಿದ್ದು ನಾನಾ, ಅಥವಾ ಕತ್ತಲು ನನ್ನಿಂದ ಮಾಡಿಸಿತಾ? ಸಿನಿಮಾದಲ್ಲಿ ಗಿರೀಶ ಕಾರ್ನಾಡರು ನಡೆಯುತ್ತಾರೆ, ನಿಲ್ಲುತ್ತಾರೆ, ದಿಟ್ಟಿಸುತ್ತಾರೆ. ಪುಸ್ತಕ ಓದಿ ಬಂದವರಿಗೆ ಆ ನೋಟದ ಹಿಂದೆ ಏನಿದೆ ಅಂತ ಗೊತ್ತು. ಓದದವರಿಗೆ ಅದು ಬರೀ ನಡಿಗೆ. ಮೊದಲು ಸಿನಿಮಾ ನೋಡಿದರೆ ಇನ್ನೂ ಒಂದು ತೊಂದರೆ ಇದೆ. ಕಾರ್ನಾಡರ ಮುಖ ಆಚಾರ್ಯರ ಮೇಲೆ ಕೂತರೆ ಮತ್ತೆ ಏಳುವುದಿಲ್ಲ. ಅಷ್ಟು ಚೆಲುವಾದ ಮುಖಕ್ಕೆ ಪಾಪಪ್ರಜ್ಞೆ ಸ್ವಲ್ಪ ಸುಲಭವಾಗಿಯೇ ಒಪ್ಪುತ್ತದೆ. ಪುಸ್ತಕದ ಆಚಾರ್ಯರಿಗೆ ಅದು ಅಷ್ಟು ಸುಲಭ ಅಲ್ಲ. ಇಲ್ಲಿ ಓದಿಯೇ ನೋಡಬೇಕು, ಬೇರೆ ಮಾತಿಲ್ಲ.

‘ಚೋಮನ ದುಡಿ’ಯಲ್ಲಿ ನನ್ನ ಸಲಹೆ ಪೂರ್ತಿ ಉಲ್ಟಾ. ಶಿವರಾಮ ಕಾರಂತರ ಕಾದಂಬರಿ 1933ರದ್ದು. ಬಿ.ವಿ. ಕಾರಂತರ ಸಿನಿಮಾ 1975ರದ್ದು. ಚೋಮನಿಗೆ ಒಂದು ತುಂಡು ಭೂಮಿಯನ್ನು ಗೇಣಿಗೆ ಹಿಡಿದು ಬೇಸಾಯ ಮಾಡುವ ಆಸೆ. ಹೊಲೆಯನಾದ ಕಾರಣಕ್ಕೆ ಅದು ಸಿಗುವುದಿಲ್ಲ. ಸಿಟ್ಟು ಬಂದರೂ, ಸಂತೋಷವಾದರೂ, ದುಃಖವಾದರೂ ಅವನಿಗಿರುವುದು ದುಡಿ ಎಂಬ ಚರ್ಮವಾದ್ಯ ಒಂದೇ. ಪುಸ್ತಕದಲ್ಲಿ ದುಡಿ ಬಾರಿಸಿದ ಅಂತ ಓದುತ್ತೇವೆ. ಆದರೆ ದುಡಿಯ ಸದ್ದನ್ನೇ ಕೇಳದ ನನ್ನಂಥ ಪೇಟೆಯವನಿಗೆ ಅದು ಬರೀ ಅಕ್ಷರ. ಬಿ.ವಿ. ಕಾರಂತರು ರಂಗಭೂಮಿಯವರು, ಸಂಗೀತದವರು. ಅವರ ಸಿನಿಮಾದಲ್ಲಿ ಚೋಮ ಏನು ಹೇಳಲಾರನೋ ಅದನ್ನು ದುಡಿ ಹೇಳುತ್ತದೆ. ವಾಸುದೇವ ರಾವ್ ಅವರ ಕೈ, ಕುತ್ತಿಗೆ, ಕಣ್ಣು ಎಲ್ಲ ಆ ಸದ್ದಿನೊಳಗೆ ಹೋಗುತ್ತವೆ. ರಾಷ್ಟ್ರಪ್ರಶಸ್ತಿ ಅವರಿಗೆ ಸುಮ್ನೆ ಬರಲಿಲ್ಲ. ಅದನ್ನು ಕಿವಿಯಲ್ಲಿಟ್ಟುಕೊಂಡು ಪುಸ್ತಕಕ್ಕೆ ಬನ್ನಿ. ಶಿವರಾಮ ಕಾರಂತರು ಎಷ್ಟು ಕಡಿಮೆ ಮಾತಿನಲ್ಲಿ ಬರೆದಿದ್ದಾರೆ ಅಂತ ಆಗ ಗೊತ್ತಾಗುತ್ತದೆ. ನೀರಲ್ಲಿ ಮುಳುಗುತ್ತಿರುವ ಹುಡುಗ ನೀಲನನ್ನು ಮೈಲಿಗೆಗೆ ಹೆದರಿ ಯಾರೂ ಮುಟ್ಟದೆ ನಿಲ್ಲುವ ಜಾಗ ತೆರೆಯ ಮೇಲೂ ಭಯಂಕರವೇ. ಪುಸ್ತಕದಲ್ಲಿ ಅದು ಇನ್ನೂ ತಣ್ಣಗಿದೆ. ಆ ತಣ್ಣಗಿನ ದನಿಯೇ ಜಾಸ್ತಿ ಸುಡುತ್ತದೆ.

ಇನ್ನು ‘ನಾಗರಹಾವು’. ಇಲ್ಲಿ ಕ್ರಮದ ಪ್ರಶ್ನೆಯೇ ಇಲ್ಲ. ಕನ್ನಡದವರಲ್ಲಿ ಎಷ್ಟು ಜನ ಸಿನಿಮಾ ನೋಡದೆ ಪುಸ್ತಕಕ್ಕೆ ಹೋಗುತ್ತಾರೆ ಹೇಳಿ? 1972ರ ಕೊನೆಯಲ್ಲಿ ಬಂದ ಈ ಸಿನಿಮಾಕ್ಕೆ ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಹೆಣೆದರು: ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ಮೂರು ಪುಸ್ತಕ, ಸುಮಾರು ಮೂರು ಗಂಟೆ. ಪುಸ್ತಕಕ್ಕೊಂದು ಗಂಟೆ! ಹಾಗಾಗಿ ಓಡಿಸಲೇಬೇಕು. ಓಡಿಸುವಾಗ ಏನು ಉಳಿಸಿಕೊಂಡರು ಅನ್ನುವುದು ಮಜವಾದ ವಿಷಯ. ಪುಟ್ಟಣ್ಣ ಉಳಿಸಿಕೊಂಡಿದ್ದು ಎರಡು ಸಂಗತಿ: ಗುರುಶಿಷ್ಯರ ಪ್ರೀತಿ ಮತ್ತು ಕೋಟೆ. ಚಾಮಯ್ಯ ಮೇಷ್ಟ್ರಾಗಿ ಅಶ್ವತ್ಥ್ ಅವರಿಲ್ಲದ ರಾಮಾಚಾರಿಯನ್ನು ಈಗ ಕಲ್ಪಿಸಿಕೊಳ್ಳಲೂ ಆಗುವುದಿಲ್ಲ. ಚಿತ್ರದುರ್ಗದ ಬಂಡೆಗಳಂತೂ ಸಿನಿಮಾದಲ್ಲಿ ಒಂದು ಪಾತ್ರವೇ ಆಗಿಬಿಟ್ಟಿವೆ.

ಕಳೆದುಕೊಂಡಿದ್ದು ಹುಡುಗನ ವಿಷ. ಪುಸ್ತಕದ ರಾಮಾಚಾರಿ ಅಷ್ಟು ಮುದ್ದಾದವನಲ್ಲ. ಅವನ ಸಿಟ್ಟು ಕೆಲವು ಕಡೆ ಓದುವವರನ್ನೂ ದೂರ ತಳ್ಳುತ್ತದೆ. ಹೊಸ ಹುಡುಗ ವಿಷ್ಣುವರ್ಧನ್ ಮುಖ ಗಂಟು ಹಾಕಿಕೊಂಡು ನಿಂತರೆ ಮಾತ್ರ ನಮಗೆ ಸಿಟ್ಟು ಬರುವುದೇ ಇಲ್ಲ, ಅಯ್ಯೋ ಪಾಪ ಅನ್ನಿಸುತ್ತದೆ. ಪುಟ್ಟಣ್ಣ ನನ್ನ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಅಂತ ತ.ರಾ.ಸು. ಬೇಸರಪಟ್ಟುಕೊಂಡ ಮಾತು ಗಾಂಧಿನಗರದಲ್ಲಿ ಇವತ್ತಿಗೂ ಓಡಾಡುತ್ತದೆ. ಪುಸ್ತಕ ಓದಿದ ಮೇಲೆ ಆ ಬೇಸರ ಅರ್ಥವಾಗುತ್ತದೆ. ಆದರೂ ನಾನು ಪುಟ್ಟಣ್ಣನವರ ಪರ. ಕಾದಂಬರಿಯ ರಾಮಾಚಾರಿಯನ್ನು ಹಾಗೇ ತೆರೆಗೆ ತಂದಿದ್ದರೆ ಊರೂರಿನ ಹುಡುಗರು ಅವನನ್ನು ತಮ್ಮವನು ಅಂದುಕೊಳ್ಳುತ್ತಿದ್ದರಾ? ಅನುಮಾನ. ಮೂರೂ ಪುಸ್ತಕಗಳನ್ನು ಓದುವುದಾದರೆ ಮಾತ್ರ ಸಿನಿಮಾದ ಹಾಡುಗಳನ್ನು ತಲೆಯಿಂದ ಸ್ವಲ್ಪ ದಿನ ಹೊರಗಿಡಿ. ಕಷ್ಟ, ಆದರೂ ಪ್ರಯತ್ನಿಸಿ. ಸಂಗೀತ ಕೊಟ್ಟ ವಿಜಯಭಾಸ್ಕರ್ ಬಿಡುವುದಿಲ್ಲ.

ಪುಟ್ಟಣ್ಣನವರದೇ ‘ಶರಪಂಜರ’ (1971) ನನ್ನ ಮಟ್ಟಿಗೆ ಪುಸ್ತಕವನ್ನು ದಾಟಿ ಹೋದ ಸಿನಿಮಾ. ತ್ರಿವೇಣಿಯವರ ಕಾದಂಬರಿ ಚಿಕ್ಕದು, ಹಿಡಿತವಾಗಿದೆ. ಮಾನಸಿಕ ಕಾಯಿಲೆಗೆ ಆಸ್ಪತ್ರೆ ಸೇರಿ, ವಾಸಿಯಾಗಿ ಮನೆಗೆ ಬಂದ ಕಾವೇರಿಯನ್ನು ಯಾರೂ ವಾಸಿಯಾದವಳು ಅಂತ ನಂಬುವುದಿಲ್ಲ. ಇಷ್ಟೇ ಅದರ ಇರಿತ. ತ್ರಿವೇಣಿ 1963ರಲ್ಲೇ ತೀರಿಕೊಂಡರು, ಕಲ್ಪನಾ ತಮ್ಮ ಕಾವೇರಿಗೆ ಏನು ಮಾಡಿದರು ಅಂತ ನೋಡಲು ಅವರಿರಲಿಲ್ಲ. ಮಾತಾಡುತ್ತಾ ಮಾತಾಡುತ್ತಾ ಕಲ್ಪನಾ ನಗು ಸ್ವಲ್ಪ ಜಾಸ್ತಿಯಾಗುತ್ತದೆ, ನಮಗೂ ಒಂದು ಕ್ಷಣ ಅನುಮಾನ ಬರುತ್ತದೆ. ಬಂದ ಕೂಡಲೇ ನಾವೂ ಆ ಮನೆಯವರ ಸಾಲಿಗೆ ಸೇರಿದೆವು. ಪುಸ್ತಕ ನಮ್ಮನ್ನು ಕಾವೇರಿಯ ಪಕ್ಕ ನಿಲ್ಲಿಸುತ್ತದೆ. ಸಿನಿಮಾ ಎದುರು ಪಕ್ಷಕ್ಕೆ ತಳ್ಳಿ ನಾಚಿಕೆಪಡಿಸುತ್ತದೆ. ಯಾವುದು ಮೊದಲಾದರೂ ನಡೆಯುತ್ತದೆ.

ಧಾರಾವಾಹಿಗೆ ಸಿನಿಮಾಕ್ಕಿಲ್ಲದ ಒಂದು ಅನುಕೂಲ ಇದೆ, ಅವಸರ ಇಲ್ಲ. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ (1970) ಮೂರು ಗಂಟೆಯಲ್ಲಿ ಹಿಡಿಯುವ ಕಥೆಯೇ ಅಲ್ಲ. ಶಾನುಭೋಗ ಚೆನ್ನಿಗರಾಯ ಲೆಕ್ಕ ಬರೆಯಲಾರದ ಸೋಮಾರಿ. ಅವನ ಲೆಕ್ಕದ ಪುಸ್ತಕಗಳನ್ನು ಹೆಂಡತಿ ನಂಜಮ್ಮ ಬರೆಯುತ್ತಾಳೆ, ಎಲೆ ಹಚ್ಚುತ್ತಾಳೆ, ಮಕ್ಕಳನ್ನು ಸಾಕುತ್ತಾಳೆ, ಅತ್ತೆ ಗಂಗಮ್ಮನ ಬಾಯಿಯನ್ನು ತಡೆದುಕೊಳ್ಳುತ್ತಾಳೆ. ವರ್ಷಗಟ್ಟಲೆ. ಆ ವರ್ಷಗಳು ಕಳೆಯುವುದು ನಮಗೂ ಗೊತ್ತಾಗಬೇಕು. ಗಿರೀಶ ಕಾಸರವಳ್ಳಿಯವರು ದೂರದರ್ಶನಕ್ಕೆ ಮಾಡಿದ ಧಾರಾವಾಹಿ ಆ ಸಮಯವನ್ನು ಕೊಡುತ್ತದೆ. ಮಾಳವಿಕಾ ಅವರ ನಂಜಮ್ಮ ಎಲ್ಲೂ ಅತ್ತು ಕರುಣೆ ಗಿಟ್ಟಿಸಿಕೊಳ್ಳುವುದಿಲ್ಲ, ಕೆಲಸ ಮಾಡುತ್ತಲೇ ಇರುತ್ತಾಳೆ.

ಆದರೆ ಎರಡು ಕಡೆ ಪುಸ್ತಕವೇ ಮೇಲು. ಒಂದು, ಗಂಗಮ್ಮನ ಬೈಗುಳ. ಮನೆಮಂದಿಯೆಲ್ಲ ಕೂತು ನೋಡುವ ವಾಹಿನಿಯಲ್ಲಿ ಅದೇ ಖಾರ ಸಿಗಬೇಕು ಅಂದರೆ ಹೇಗೆ? ಎರಡು, ಸಾವು. ಪ್ಲೇಗಿನಲ್ಲಿ ಪಾರ್ವತಿ ಹೋಗುತ್ತಾಳೆ, ರಾಮಣ್ಣ ಹೋಗುತ್ತಾನೆ. ಭೈರಪ್ಪ ಅಳಲು ನಿಲ್ಲುವುದೇ ಇಲ್ಲ. ಊರಿನ ವರದಿ ಬರೆದ ಹಾಗೆ ಮುಂದೆ ಹೋಗುತ್ತಾರೆ, ನಾವು ಮಾತ್ರ ಆ ಪುಟದಲ್ಲೇ ಉಳಿಯುತ್ತೇವೆ. ಕ್ಯಾಮೆರಾ ಎಷ್ಟೇ ಸಂಯಮದಲ್ಲಿದ್ದರೂ ಒಂದು ಮುಖವನ್ನು ತೋರಿಸಲೇಬೇಕಲ್ಲ. ತೋರಿಸಿದ ಕೂಡಲೇ ದುಃಖ ಆ ಮುಖದ್ದಾಗುತ್ತದೆ. ನಮ್ಮಮ್ಮ ಇದನ್ನು ಒಪ್ಪುವುದಿಲ್ಲ. ಅವರಿಗೆ ನಂಜಮ್ಮ ಅಂದರೆ ಮಾಳವಿಕಾ, ಪುಸ್ತಕದಲ್ಲಿ ಬರುವುದು ಬೇರೆ ಯಾರೋ. ಅವರೊಡನೆ ವಾದ ಮಾಡಿ ಗೆದ್ದವರಿಲ್ಲ. ನನ್ನ ಸಲಹೆ ಪುಸ್ತಕ ಮೊದಲು, ಆಮೇಲೆ ಬಿಡುವಾದಾಗ ಧಾರಾವಾಹಿ. ಒಂದೇ ಸಲಕ್ಕೆ ಕೂತು ನೋಡಬೇಡಿ, ಮನಸ್ಸು ತಡೆಯುವುದಿಲ್ಲ.

‘ಮಾಲ್ಗುಡಿ ಡೇಸ್’ ಬೇರೆಯದೇ ಲೆಕ್ಕ. ಆರ್.ಕೆ. ನಾರಾಯಣ್ ಬರೆದಿದ್ದು ಇಂಗ್ಲಿಷಿನಲ್ಲಿ, ಊರು ಅವರ ತಲೆಯೊಳಗಿನದು, ಸರಯೂ ನದಿಯ ದಂಡೆಯದು. ಶಂಕರ್ ನಾಗ್ 1980ರ ದಶಕದಲ್ಲಿ ಅದನ್ನು ಆಗುಂಬೆಗೆ ತಂದರು. ರೈಲೇ ಇಲ್ಲದ ಆಗುಂಬೆಗೆ ರೈಲ್ವೆ ಸ್ಟೇಷನ್ ಬೇಕಲ್ಲ, ಅದಕ್ಕೆ ಅರಸಾಳು ನಿಲ್ದಾಣ ಬಂತು. ಆ ನಿಲ್ದಾಣದಲ್ಲಿ ಈಗ ಮಾಲ್ಗುಡಿ ಮ್ಯೂಸಿಯಂ ಇದೆ. ಕಥೆಯಲ್ಲಿ ಇಲ್ಲದ ಮಲೆನಾಡು ಕಥೆಯದೇ ಊರಾಗಿಬಿಟ್ಟಿತು! 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಓದುವಾಗ ಈಗ ನನಗೆ ಕಾಣುವುದು ಮಾಸ್ಟರ್ ಮಂಜುನಾಥನ ಮುಖ, ಮತ್ತು ಸಿಡುಕುವ ಅಪ್ಪನಾಗಿ ಕಾರ್ನಾಡರು. ಆಚಾರ್ಯರ ವಿಷಯದಲ್ಲಿ ಆದ ನಷ್ಟ ಇಲ್ಲಿ ಆಗುವುದಿಲ್ಲ. ಸ್ವಾಮಿ ಮನಸ್ಸಿನೊಳಗೆ ಮುಚ್ಚಿಟ್ಟುಕೊಳ್ಳುವ ಹುಡುಗನಲ್ಲ. ಭಯ, ಸುಳ್ಳು, ಹೆಮ್ಮೆ ಎಲ್ಲ ಮುಖದ ಮೇಲೇ. ಕಳೆದುಹೋಗುವುದು ಒಂದೇ, ನಾರಾಯಣ್ ಅವರ ಕೊಂಕು. ಸ್ವಾಮಿಯನ್ನು ಪ್ರೀತಿಸುತ್ತಲೇ ಅವನನ್ನು ನೋಡಿ ಮೆಲ್ಲಗೆ ನಗುವ ದನಿ ತೆರೆಯ ಮೇಲೆ ಇಲ್ಲ. ಅಲ್ಲಿ ಎಲ್.ವೈದ್ಯನಾಥನ್ ಸಂಗೀತ ಇದೆ. ಮನೆಯಲ್ಲಿ ಮಕ್ಕಳಿದ್ದರೆ ಧಾರಾವಾಹಿಯಿಂದಲೇ ಶುರು ಮಾಡಿಸಿ. ಪುಸ್ತಕಕ್ಕೆ ಅವರೇ ಬರುತ್ತಾರೆ.

‘ಫಣಿಯಮ್ಮ’ದ ಬಗ್ಗೆ ಚುಟುಕಾಗಿ: ಎಂ.ಕೆ. ಇಂದಿರಾ ಅವರ ಪುಸ್ತಕ (1976) ಜಗಲಿಯಲ್ಲಿ ಕೂತು ಹಿರಿಯರೊಬ್ಬರು ಹೇಳಿದ ಮನೆತನದ ಕಥೆ. ಮದುವೆ, ಅಡುಗೆ, ನೆಂಟರು, ಮಾತಿಗೆ ಬರವಿಲ್ಲ. ಪ್ರೇಮಾ ಕಾರಂತರ ಸಿನಿಮಾ (1983) ಆ ಮಾತನ್ನೆಲ್ಲ ಬಿಟ್ಟು ಬಾಲವಿಧವೆ ಫಣಿಯಮ್ಮನ ಮೌನವನ್ನು ಮಾತ್ರ ಇಟ್ಟುಕೊಂಡಿದೆ. ಸಿನಿಮಾ ಗಟ್ಟಿಯಾಗಿದೆ. ಆದರೂ ಆ ಗಲಗಲ ಇಲ್ಲದೆ ಮೌನದ ಬೆಲೆ ಅರ್ಧವೇ ತಿಳಿಯುತ್ತದೆ. ಓದಿ ನೋಡಿ.

ಇಷ್ಟೆಲ್ಲ ಮಾಡಿದ ಮೇಲೆ ಒಂದು ಸಂಶಯ ಬಲವಾಗಿದೆ. ಸಿನಿಮಾಕ್ಕೆ ನಿಜವಾಗಿ ಒಗ್ಗುವುದು ಕಾದಂಬರಿ ಅಲ್ಲ, ಸಣ್ಣ ಕಥೆ. ಕಾದಂಬರಿಯಿಂದ ಸಿನಿಮಾ ಮಾಡುವವರು ಕತ್ತರಿ ಹಿಡಿಯಬೇಕು, ಸಣ್ಣ ಕಥೆ ತೆಗೆದುಕೊಂಡವರಿಗೆ ಬೆಳೆಸುವುದಕ್ಕೆ ಜಾಗ ಇರುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ಕಥೆಯಿಂದ ಬಂದ ‘ಡೇರ್‌ಡೆವಿಲ್ ಮುಸ್ತಾಫಾ’ (2023) ನೋಡಿ. ಅವರ ಓದುಗರೇ ದುಡ್ಡು ಹಾಕಿ ಮಾಡಿಸಿದ ಸಿನಿಮಾ. ಕಥೆಗಿಂತ ಎಷ್ಟೋ ದೊಡ್ಡದಾಗಿದೆ, ಆದರೂ ತೇಜಸ್ವಿಯವರ ತುಂಟತನ ಹೋಗಿಲ್ಲ.

ಅದಕ್ಕಿಂತ ಮುಂಚಿನದು ಕಾಸರವಳ್ಳಿಯವರ ‘ತಬರನ ಕಥೆ’. ಅದೂ ತೇಜಸ್ವಿಯವರದೇ ಕಥೆ. ಪಿಂಚಣಿಗಾಗಿ ಕಚೇರಿ ಕಚೇರಿ ಅಲೆಯುವ ತಬರಸೆಟ್ಟಿ, ಸಕ್ಕರೆ ಕಾಯಿಲೆಯಿಂದ ಕಾಲು ಕೊಳೆಯುತ್ತಿರುವ ಅವನ ಹೆಂಡತಿ. ಕೊನೆಗೆ ಅವಳ ಕಾಲು ಕಡಿದುಕೊಡು ಅಂತ ಅವನು ಕಟುಕನನ್ನೇ ಕೇಳುತ್ತಾನೆ. ಕಥೆಯಲ್ಲಿ ಅಲೆದಾಟ ಬೇಗ ಮುಗಿಯುತ್ತದೆ. ಸಿನಿಮಾದಲ್ಲಿ ಚಾರುಹಾಸನ್ ಅದೇ ಬಾಗಿಲಿಗೆ ಮತ್ತೆ ಮತ್ತೆ ಹೋಗುತ್ತಾರೆ. ಸರ್ಕಾರಿ ಕಚೇರಿಗೆ ಅಲೆದವರಿಗೆ ಗೊತ್ತಿರುತ್ತದೆ, ಆ ಸಂಕಟ ಇರುವುದೇ ಆ ‘ಮತ್ತೆ ಮತ್ತೆ’ಯಲ್ಲಿ. ಎರಡೂ ಸೇರಿ ಒಂದು ಸಂಜೆಗೆ ಮುಗಿಯುತ್ತವೆ. ಮೊದಲು ಕಥೆ ಓದಿ, ಒಂದು ಕಾಫಿ ಕುಡಿದು, ಆಮೇಲೆ ಸಿನಿಮಾ ಹಾಕಿ.