ಅಡಿಕೆ ಸುಲಿಯುವ ಯಂತ್ರ: ಮೆಟ್ಟುಗತ್ತಿಯ ಪಕ್ಕದಲ್ಲಿಟ್ಟು ನೋಡಿದಾಗ

ತೀರ್ಥಹಳ್ಳಿ ಸೀಮೆಯ ನಮ್ಮ ಮನೆಗೆ ಹಸಿ ಅಡಿಕೆ ಸುಲಿಯುವ ಯಂತ್ರ ಬಂದ ಮೇಲೆ ಒಂದು ಕೊಯ್ಲು ಪೂರ್ತಿಯಾಗಿ ಮುಗಿದಿದೆ. ಕೊಳ್ಳುವ ಯೋಚನೆಯಲ್ಲಿರುವವರಿಗೆ ಉಪಯೋಗವಾಗಲೆಂದು ಇದರ ಗುಣದೋಷಗಳನ್ನು ಬರೆಯುತ್ತಿದ್ದೇನೆ. ಆದರೆ ಈ ಯಂತ್ರ ಯಾವ ಕೆಲಸವನ್ನು ತಪ್ಪಿಸಿತು ಎಂಬುದನ್ನು ಹೇಳದೆ ಅದಕ್ಕೆ ಬೆಲೆ ಕಟ್ಟಲಾಗದು.

ಕೊನೆ (ಅಡಿಕೆಯ ಗೊನೆ) ಇಳಿಸಿದ ಮೇಲೆ ಅಡಿಕೆಯನ್ನು ಹಸಿಯಿರುವಾಗಲೇ ಸುಲಿದು, ಚೊಗರಿನಲ್ಲಿ, ಅಂದರೆ ಹಿಂದೆ ಅಡಿಕೆ ಬೇಯಿಸಿ ಉಳಿದ ಒಗರು ನೀರಿನಲ್ಲಿ, ಬೇಯಿಸಿ, ಒಣಗಿಸಬೇಕು. ತಡವಾದರೆ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ದರ ಬೀಳುತ್ತದೆ. ಆದ್ದರಿಂದ ಅಜ್ಜಿಯ ಕಾಲದ ಕೊಯ್ಲಿನಲ್ಲಿ ಹಗಲೆಲ್ಲ ತೋಟದ ಕೆಲಸವಾದರೆ ರಾತ್ರಿಯೆಲ್ಲ ಸುಲಿಯುವ ಕೆಲಸ. ಮನೆಯ ಹೆಂಗಸರೂ ಕೆಲಸಕ್ಕೆ ಬಂದವರೂ ಲಾಟೀನಿನ ಸುತ್ತ ಮೆಟ್ಟುಗತ್ತಿ ಹಾಕಿಕೊಂಡು ಕುಳಿತು, ಒಂದೊಂದೇ ಕಾಯಿಯನ್ನು ಅಲಗಿಗೆ ಒತ್ತಿ ಸಿಪ್ಪೆ ಸೀಳುತ್ತಿದ್ದರು. ಕೂಲಿ ಡಬ್ಬದ ಲೆಕ್ಕ. ಡಬ್ಬ ತುಂಬುವವರೆಗೆ ಏಳುವಂತಿರಲಿಲ್ಲ. ಅಜ್ಜಿಯ ಹೆಬ್ಬೆರಳಿನ ಉಗುರಿನ ಬದಿಯಲ್ಲಿ ಸಿಪ್ಪೆಯ ಒಗರು ಇಳಿದು ಕಪ್ಪಾದ ಬಿರುಕುಗಳು ಬೇಸಿಗೆಯವರೆಗೂ ಮಾಯುತ್ತಿರಲಿಲ್ಲ. ಸಾರು ಕಲಸಿದರೆ ಹುಳಿ, ಖಾರ ತಾಗಿ ಉರಿಯುತ್ತದೆಂದು ಆ ದಿನಗಳಲ್ಲಿ ಅವರು ಬರೀ ಹಾಲನ್ನ ಉಣ್ಣುತ್ತಿದ್ದರು. ಇಷ್ಟು ಮಾಡಿದ ಅಡಿಕೆಗೂ ದಲ್ಲಾಳಿ ಹೇಳಿದ್ದೇ ದರವೆನ್ನುವ ಕಾಲವೊಂದಿತ್ತು. ಬೆಳೆಗಾರರನ್ನು ಅದರಿಂದ ಬಿಡಿಸಲೆಂದೇ 1939ರಲ್ಲಿ ಶಿವಮೊಗ್ಗದಲ್ಲಿ ಅಡಿಕೆ ಮಾರಾಟದ ಸಹಕಾರ ಸಂಘ ಮ್ಯಾಮ್ಕೋಸ್ ಹುಟ್ಟಿತು.

ಯಂತ್ರ ಬಂದಾಗ ನೆಂಟರಲ್ಲಿ ಕೆಲವರು, ಸುಲಿಯುವ ರಾತ್ರಿಗಳ ಕಥೆ, ಹಾಡು, ನಗೆ ಎಲ್ಲ ಹೋಯಿತಲ್ಲ ಎಂದು ಮರುಗಿದರು. ಅಮ್ಮ ಒಪ್ಪಲಿಲ್ಲ. "ನಿದ್ದೆ ತೂಗಿ ಬೆರಳು ಕುಯ್ಕೊಬಾರ್ದು ಅಂತ ಕಥೆ ಹೇಳ್ತಿದ್ವಿ ಮಾರಾಯ, ಖುಷಿಗಲ್ಲ" ಎಂದರು. ನನಗೂ ಹಾಗೆಯೇ ಅನ್ನಿಸುತ್ತದೆ: ಆ ರಾತ್ರಿಗಳ ಸೊಗಸೆಲ್ಲ ಕಂಬಳಿ ಹೊದ್ದು ಮೂಲೆಯಲ್ಲಿ ಮಲಗಿ ಕೇಳುತ್ತಿದ್ದ ನಮ್ಮಂಥ ಮಕ್ಕಳ ಪಾಲಿಗೆ ಬಂದದ್ದು, ಕತ್ತಿಯ ಮುಂದೆ ಕುಳಿತವರ ಪಾಲಿಗಲ್ಲ. ಆದರೆ ಆ ಕೂಲಿಯನ್ನೇ ನೆಚ್ಚಿಕೊಂಡಿದ್ದ ಹೆಂಗಸರಿಗೆ ಯಂತ್ರದಿಂದ ನಷ್ಟವಾಗಿದೆ ಎಂಬುದೂ ಸುಳ್ಳಲ್ಲ. ನಮ್ಮಲ್ಲಿ ಅವರಿಗೆ ಆರಿಸುವ, ಬೇಯಿಸುವ ಕೆಲಸ ಉಳಿದಿದೆ; ಎಲ್ಲ ಮನೆಗಳಲ್ಲೂ ಹಾಗಿಲ್ಲ.

ಇನ್ನು ಯಂತ್ರದ ವಿಷಯ. ಮೇಲಿನಿಂದ ಕಾಯಿ ಸುರಿದರೆ ಸಿಪ್ಪೆ ಒಂದು ಕಡೆ, ಅಡಿಕೆ ಇನ್ನೊಂದು ಕಡೆ ಬೀಳುತ್ತದೆ. ಮನೆಮಂದಿಯೆಲ್ಲ ರಾತ್ರಿಯಿಡೀ ಮಾಡುತ್ತಿದ್ದ ಕೆಲಸ ಸಂಜೆಯೊಳಗೆ ಮುಗಿಯುತ್ತದೆ. ಆದರೆ ಗಾತ್ರ ನೋಡಿ ಬೇರ್ಪಡಿಸದೆ ಹಾಕಿದರೆ ಸಣ್ಣ ಕಾಯಿಗಳು ಸುಲಿಯದೆ ಜಾರುತ್ತವೆ, ದೊಡ್ಡವಕ್ಕೆ ಅಲಗು ತಾಗಿ ಗಾಯವಾಗುತ್ತದೆ. ‘ರಾಶಿ’ ಎಂಬ ಸಾಮಾನ್ಯ ದರ್ಜೆಯ ಅಡಿಕೆಗೆ ಇದು ಧಾರಾಳವಾಗಿ ಸಾಕು. ‘ಸರಕು’ ಎಂಬ ಮೇಲ್ದರ್ಜೆಯ ಅಡಿಕೆ ಮಾಡುವ ಎಳೆಯ ಕಾಯಿಯನ್ನು ಮಾತ್ರ ಇದಕ್ಕೆ ಕೊಡಬೇಡಿ. ಹೆಚ್ಚು ದರ ಸಿಗುವ ಆ ಮಾಲಿಗೆ ಇವತ್ತಿಗೂ ಪಳಗಿದ ಕೈಯೇ ಬೇಕು, ಹಾಗಾಗಿ ಎರಡು ಮೆಟ್ಟುಗತ್ತಿಗಳನ್ನು ನಾವು ಅಟ್ಟಕ್ಕೆ ಹಾಕದೆ ಇಟ್ಟುಕೊಂಡಿದ್ದೇವೆ. ಸದ್ದು ವಿಪರೀತ. ಕೊಯ್ಲಿನ ಹೊತ್ತಿಗೆ ಕರೆಂಟು ಕೈಕೊಟ್ಟರೆ ಸುಲಿಯದ ಕಾಯಿಯ ರಾಶಿಯ ಮುಂದೆ ಕೈಕಟ್ಟಿ ಕೂರಬೇಕಾಗುತ್ತದೆ. ಜನರೇಟರಿನ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಸಣ್ಣ ತೋಟದವರು ಸ್ವಂತಕ್ಕೆ ಕೊಳ್ಳುವ ಬದಲು ಅಕ್ಕಪಕ್ಕದವರೊಡನೆ ಸೇರಿ ತರುವುದು ಅಥವಾ ಬಾಡಿಗೆಗೆ ಸುಲಿಸುವುದು ಒಳ್ಳೆಯದು. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಉಳಿದ ಒಂದನ್ನು ಕಳೆದದ್ದು ಮಾರಿದವರ ಸರ್ವಿಸಿಗಾಗಿ: ಕೊಯ್ಲಿನ ನಡುವೆ ಅಲಗು ಮುರಿದಾಗ ಫೋನು ಮಾಡಿ ಮಾಡಿ ಸಾಕಾಯಿತು, ಕೊನೆಗೆ ಊರಿನ ವೆಲ್ಡಿಂಗ್ ಅಂಗಡಿಯವರೇ ಸರಿ ಮಾಡಿಕೊಟ್ಟರು. ಕೊಳ್ಳುವ ದಿನವೇ ಒಂದು ಜೊತೆ ಹೆಚ್ಚುವರಿ ಅಲಗು ಕೇಳಿ ಪಡೆಯಿರಿ.