ಪಪೆಟ್‌ನಲ್ಲಿ ಸರ್ವರ್‌ಗೊಂದು ಫೈಲ್: ಸೋರ್ಸ್ ಪಟ್ಟಿಯಾ, ಫೈಲ್ ಫಂಕ್ಷನ್ನಾ, ಟೆಂಪ್ಲೇಟಾ?

ಪಪೆಟ್ ಅಂದರೆ ಹಲವು ಸರ್ವರ್‌ಗಳ ಸೆಟ್ಟಿಂಗ್‌ಗಳನ್ನು ಒಂದೇ ಕಡೆಯಿಂದ ನಿಭಾಯಿಸುವ ಸಾಧನ. ಮ್ಯಾನಿಫೆಸ್ಟ್ (ಅದರ ಕೋಡ್ ಫೈಲ್) ಒಂದೇ, ಸರ್ವರ್‌ಗಳು ಹತ್ತಾರು. ಹೆಚ್ಚಿನವಕ್ಕೆ ಒಂದೇ ಕಾನ್ಫಿಗ್ ಫೈಲ್ ಸಾಕು, ಕೆಲವಕ್ಕೆ ಮಾತ್ರ ಬೇರೆ ಬೇಕು. ಪಪೆಟ್‌ನಲ್ಲಿ ಇದಕ್ಕೆ ನಾನು ಮೂರು ದಾರಿ ಬಳಸಿ ನೋಡಿದ್ದೇನೆ. ಎಲ್ಲಾ ಸರಿಯಿದ್ದಾಗ ಮೂರೂ ಒಂದೇ. ಏನಾದರೂ ಕೆಟ್ಟಾಗ ಅದು ಎಲ್ಲಿ, ಯಾವಾಗ ಕಣ್ಣಿಗೆ ಬೀಳುತ್ತದೆ ಎನ್ನುವುದರಲ್ಲೇ ವ್ಯತ್ಯಾಸ ಇರುವುದು.

ಮೊದಲನೆಯದು, ಸೋರ್ಸ್‌ಗೆ (ಫೈಲ್ ಎಲ್ಲಿಂದ ಬರಬೇಕು ಎಂದು ಹೇಳುವ ಜಾಗ) ಪಟ್ಟಿ ಕೊಡುವುದು. ಮೇಲೆ, ಹೆಸರಿನ ಕೊನೆಗೆ ಚುಕ್ಕಿ ಇಟ್ಟು ಹೋಸ್ಟ್‌ನೇಮ್ (ಆ ಸರ್ವರ್‌ನ ಹೆಸರು) ಸೇರಿಸಿದ ಫೈಲ್, ಕೆಳಗೆ ಎಲ್ಲದಕ್ಕೂ ಆಗುವ ಫೈಲ್. ಮೊದಲು ಸಿಕ್ಕಿದ್ದನ್ನು ಏಜೆಂಟ್ (ಪ್ರತಿ ಸರ್ವರ್‌ನಲ್ಲಿ ಓಡುವ ಪಪೆಟ್ ಪ್ರೋಗ್ರಾಂ) ತೆಗೆದುಕೊಳ್ಳುತ್ತದೆ. ಬರೆಯುವುದು ತುಂಬಾ ಸಲೀಸು. ತೊಂದರೆಯೂ ಅಲ್ಲೇ ಇದೆ. ಫೈಲ್ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಪಪೆಟ್ ತಕರಾರು ಮಾಡುವುದಿಲ್ಲ. ಸುಮ್ನೆ ಕೆಳಗಿನ ಫೈಲ್ ಹಾಕಿ ಮುಂದೆ ಹೋಗುತ್ತದೆ. ರನ್‌ನಲ್ಲಿ ಒಂದು ಎರರ್ ಇಲ್ಲ, ಆದರೆ ಸರ್ವರ್‌ನಲ್ಲಿ ಇರುವುದು ನಮಗೆ ಬೇಕಾದ ಕಾನ್ಫಿಗ್ ಅಲ್ಲ.

ಹೀಗಾದಾಗ ನಾನು ಮೊದಲು ನೋಡುವುದು ಕೋಟ್‌ಗಳನ್ನು. ಸಿಂಗಲ್ ಕೋಟ್ ಒಳಗೆ ವೇರಿಯೇಬಲ್‌ನ ಬೆಲೆ ಬಂದು ಕೂರುವುದಿಲ್ಲ, ಡಾಲರ್ ಚಿಹ್ನೆ ಸಮೇತ ಅದೇ ಫೈಲ್ ಹೆಸರಾಗುತ್ತದೆ. ಡಬಲ್ ಕೋಟ್ ಬೇಕು. ಆಮೇಲೆ ಪಾತ್. ಫೈಲ್ ಇರುವುದು ಮಾಡ್ಯೂಲ್‌ನ (ಒಂದು ಕೆಲಸದ ಕೋಡ್ ಮತ್ತು ಫೈಲ್‌ಗಳ ಕಟ್ಟು) 'ಫೈಲ್ಸ್' ಫೋಲ್ಡರ್‌ನಲ್ಲಿ, ಆದರೆ ಸೋರ್ಸ್‌ಗೆ ಬರೆಯುವ ಯುಆರ್‌ಎಲ್‌ನಲ್ಲಿ ಆ ಪದ ಬರೆಯಬಾರದು. ಕೋಲನ್ ಆದಮೇಲೆ ಮೂರು ಸ್ಲ್ಯಾಶ್ ಇರಬೇಕು. ಎರಡೇ ಹಾಕಿದರೆ ಮುಂದಿನ ಪದವನ್ನೇ ಸರ್ವರ್ ಹೆಸರು ಎಂದುಕೊಳ್ಳುತ್ತದೆ.

ಕೋಟ್, ಪಾತ್ ಆದಮೇಲೆ ಮೂರನೆಯದಾಗಿ ನೋಡುವುದು ಫ್ಯಾಕ್ಟ್, ಅಂದರೆ ಸರ್ವರ್ ಬಗ್ಗೆ ಪಪೆಟ್ ತಾನೇ ಕಲೆಹಾಕುವ ಮಾಹಿತಿ. ಹಳೆಯ ಕೋಡ್‌ನಲ್ಲಿ ಹೋಸ್ಟ್‌ನೇಮ್ ಅನ್ನು ನೇರವಾಗಿ ವೇರಿಯೇಬಲ್ ಆಗಿ ಬಳಸಿರುತ್ತಾರೆ. ಪಪೆಟ್ 8ರಲ್ಲಿ ಅಂಥ ಹಳೆಯ ಫ್ಯಾಕ್ಟ್‌ಗಳು ತಾವಾಗೇ ಬರುವುದಿಲ್ಲ. ಈಗ ಫ್ಯಾಕ್ಟ್ಸ್ ಹ್ಯಾಶ್‌ನ (ಕೀ ಕೊಟ್ಟು ಬೆಲೆ ಪಡೆಯುವ ಪಟ್ಟಿ) ನೆಟ್‌ವರ್ಕಿಂಗ್ ಒಳಗಿಂದ ತೆಗೆಯಬೇಕು. ಇಲ್ಲದ ವೇರಿಯೇಬಲ್ ಬರೆದರೆ 8ರಲ್ಲಿ ಕಂಪೈಲೇ ಆಗುವುದಿಲ್ಲ, ಒಳ್ಳೆಯದೇ ಆಯಿತು. ಆದರೆ ಹ್ಯಾಶ್‌ನಲ್ಲಿ ಇಲ್ಲದ ಕೀ ಕೇಳಿದರೆ ಈಗಲೂ ಸದ್ದಿಲ್ಲದೆ ಖಾಲಿ ಬರುತ್ತದೆ, ಫೈಲ್ ಹೆಸರು ಚುಕ್ಕಿಯಲ್ಲೇ ಮುಗಿದುಹೋಗುತ್ತದೆ.

ಇಷ್ಟಾದರೂ ಸಿಗದಿದ್ದರೆ ಒಂದು ಉಪಾಯ ಇದೆ. ಪಟ್ಟಿಯಿಂದ ಕೆಳಗಿನ ಸಾಮಾನ್ಯ ಫೈಲ್ ತೆಗೆದು, ನೋಆಪ್‌ನಲ್ಲಿ (ಏನನ್ನೂ ಬದಲಿಸದೆ ನೋಡುವ ರೀತಿ) ಏಜೆಂಟ್ ಓಡಿಸಿ. ಈಗ ಬೇರೆ ದಾರಿಯಿಲ್ಲದೆ ಎರರ್ ಬರುತ್ತದೆ, ಅದು ಹುಡುಕಿದ ಪೂರ್ತಿ ಯುಆರ್‌ಎಲ್ ಅದರಲ್ಲೇ ಕಾಣುತ್ತದೆ. ವೇರಿಯೇಬಲ್ ಪ್ರಿಂಟ್ ಮಾಡಿ ನೋಡುವುದಾದರೆ ನೋಟಿಫೈ ಬಳಸಿ, ಅದು ಏಜೆಂಟ್ ಔಟ್‌ಪುಟ್‌ನಲ್ಲೇ ಬರುತ್ತದೆ. ನೋಟೀಸ್ ಹಾಕಿದರೆ ಪಪೆಟ್ ಸರ್ವರ್‌ನ (ಎಲ್ಲಾ ಏಜೆಂಟ್‌ಗಳಿಗೆ ಸೂಚನೆ ಕೊಡುವ ಕೇಂದ್ರ ಸರ್ವರ್) ಲಾಗ್‌ಗೆ ಹೋಗಿ ಕೂರುತ್ತದೆ.

ಎರಡನೇ ದಾರಿಯಲ್ಲಿ ಸೋರ್ಸ್ ಬದಲು ಕಂಟೆಂಟ್ (ಫೈಲ್‌ನ ಪಠ್ಯವನ್ನೇ ಕೊಡುವ ಜಾಗ), ಅದಕ್ಕೆ ಫೈಲ್ ಓದಿ ಕೊಡುವ ಫೈಲ್ ಫಂಕ್ಷನ್. ಇಲ್ಲೂ ಮೊದಲು ಸಿಕ್ಕಿದ ಫೈಲೇ ಗೆಲ್ಲುತ್ತದೆ, ಹಾಗಾಗಿ ಸದ್ದಿಲ್ಲದೆ ಕೆಳಗಿಳಿಯುವ ಚಾಳಿ ಹಾಗೇ ಇದೆ. ಆದರೆ ಇದು ಓದುವುದು ಪಪೆಟ್ ಸರ್ವರ್‌ನಲ್ಲಿ, ಕಂಪೈಲ್ ಆಗುವಾಗ. ಯಾವ ಫೈಲೂ ಸಿಗದಿದ್ದರೆ ಇಡೀ ಕ್ಯಾಟಲಾಗ್ (ಆ ಸರ್ವರ್‌ಗಾಗಿ ಕಂಪೈಲ್ ಆಗುವ ಸೆಟ್ಟಿಂಗ್‌ಗಳ ಪಟ್ಟಿ) ಬಿದ್ದುಹೋಗುತ್ತದೆ. ಸೋರ್ಸ್ ಆಗಿದ್ದರೆ ಆ ಫೈಲ್ ಮತ್ತು ಅದನ್ನು ನಂಬಿಕೊಂಡವು ಮಾತ್ರ ನಿಲ್ಲುತ್ತಿದ್ದವು. ಒಂದು ಚಿಕ್ಕ ಫೈಲ್‌ಗಾಗಿ ಎಲ್ಲವನ್ನೂ ನಿಲ್ಲಿಸುವುದು ಜಾಸ್ತಿಯಾಯಿತು ಅನ್ನಿಸಬಹುದು. ನನಗಂತೂ ಜೋರಾಗಿ ಕೂಗುವ ತಪ್ಪೇ ಇಷ್ಟ. ಇನ್ನೊಂದು ವಿಷಯ, ಫೈಲ್‌ನ ಪೂರ್ತಿ ಪಠ್ಯ ಕ್ಯಾಟಲಾಗ್ ಜೊತೆಯಲ್ಲೇ ಬರುವುದರಿಂದ ದೊಡ್ಡ ಫೈಲ್‌ಗೆ ಇದು ಬೇಡ.

ಈಗ ನಾನು ಹೆಚ್ಚಾಗಿ ಬಳಸುವುದು ಮೂರನೇ ದಾರಿ, ಇಪಿಪಿ ಟೆಂಪ್ಲೇಟ್ (ಪಪೆಟ್‌ನ ಟೆಂಪ್ಲೇಟ್ ಭಾಷೆ) ಮತ್ತು ಹೈರಾ (ಬೆಲೆಗಳನ್ನು ಕೋಡ್‌ನಿಂದ ಬೇರೆಯಾಗಿ ಇಡುವ ವ್ಯವಸ್ಥೆ) ಜೋಡಿ. ಫೈಲ್ ಒಂದೇ, ಬದಲಾಗುವ ನಾಲ್ಕು ಬೆಲೆಗಳು ಮಾತ್ರ ಆಯಾ ಸರ್ವರ್‌ನ ಯಾಮಲ್ ಡೇಟಾ ಫೈಲ್‌ನಲ್ಲಿ. ಪಪೆಟ್ ಲುಕಪ್ ಕಮಾಂಡಿಗೆ ನೋಡ್ (ಪಪೆಟ್ ನಿಭಾಯಿಸುವ ಸರ್ವರ್) ಹೆಸರು ಮತ್ತು ಎಕ್ಸ್‌ಪ್ಲೇನ್ ಕೊಟ್ಟರೆ, ಯಾವ ಹಂತದಲ್ಲಿ ಹುಡುಕಿತು, ಎಲ್ಲಿ ಸಿಕ್ಕಿತು ಎಂದು ಸಾಲುಸಾಲಾಗಿ ಹೇಳುತ್ತದೆ. ಬೇರೆ ಎರಡರಲ್ಲಿ ಈ ಸುಖ ಇಲ್ಲ. ಆದರೆ ಫೈಲ್‌ಗಳು ಪೂರ್ತಿ ಬೇರೆಯೇ ಆಗಿದ್ದರೆ ಟೆಂಪ್ಲೇಟ್ ತುಂಬಾ ಇಫ್‌ಗಳೇ ಆಗುತ್ತವೆ. ಅಂಥದ್ದನ್ನು ಓದುವುದು ಶಿಕ್ಷೆ, ಅಲ್ವಾ?

ಹಾಗೆಂದು ಸೋರ್ಸ್ ಪಟ್ಟಿಯನ್ನು ಬಿಟ್ಟಿಲ್ಲ. ದೊಡ್ಡ ಮತ್ತು ಬೈನರಿ ಫೈಲ್‌ಗಳಿಗೆ ಅದೇ ಸರಿ. ಏಜೆಂಟ್ ಮೊದಲು ಚೆಕ್‌ಸಮ್ (ಫೈಲ್‌ನ ಪಠ್ಯದಿಂದ ಲೆಕ್ಕ ಹಾಕಿದ ಗುರುತು) ಮಾತ್ರ ಕೇಳುತ್ತದೆ, ಬದಲಾಗಿದ್ದರಷ್ಟೇ ಫೈಲ್ ಇಳಿಸಿಕೊಳ್ಳುತ್ತದೆ. ಗುಟ್ಟಿನ ಕೀಗಳನ್ನು ಮಾತ್ರ ಅಲ್ಲಿ ಇಡಬೇಡಿ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ, ಸರ್ಟಿಫಿಕೇಟ್ ಇರುವ ಯಾವ ನೋಡ್ ಬೇಕಾದರೂ ಮಾಡ್ಯೂಲ್‌ನ ಫೈಲ್ ಕೇಳಿ ಪಡೆಯಬಹುದು, ಹೆಸರಿನಲ್ಲಿ ಬೇರೆ ಸರ್ವರ್‌ನ ಹೋಸ್ಟ್‌ನೇಮ್ ಇದ್ದರೂ ಕೂಡ.