ಡಿವಿಡಿಸ್ಟೈಲರ್: ಮನೆಯ ಸಂಗೀತ ಡಿವಿಡಿ ಮತ್ತೆ ಕಟ್ಟುವಾಗ ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಮುಗ್ಗರಿಸುತ್ತದೆ

ಡಿವಿಡಿಸ್ಟೈಲರ್ ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಹೊಸ ವಿಡಿಯೊಗಳನ್ನು ಎಳೆದು ಹಾಕಿ, ಮೆನು ಜೋಡಿಸಿ, ಡಿವಿಡಿ ಮಾಡುವುದಷ್ಟೇ ಕೆಲಸವಾದರೆ ಕಣ್ಣುಮುಚ್ಚಿ ಇದನ್ನೇ ಆರಿಸಬಹುದು. ಹಳೆಯ ಡಿವಿಡಿಯನ್ನು ಬಿಚ್ಚಿ ಒಂದು ಹಾಡು ತೆಗೆದು, ಇನ್ನೊಂದು ಸೇರಿಸಿ ಮತ್ತೆ ಕಟ್ಟಲು ಹೊರಟಾಗ ತೊಂದರೆ ಶುರುವಾಗುತ್ತದೆ. 'ಎರರ್ ಎಕ್ಸಿಕ್ಯೂಟಿಂಗ್ ಆಫ್ ಕಮಾಂಡ್' ಎಂಬ ಪೆಟ್ಟಿಗೆ ತೆರೆದುಕೊಂಡು ಕೆಲಸ ಅಲ್ಲೇ ನಿಲ್ಲುತ್ತದೆ.

ಆ ಪೆಟ್ಟಿಗೆಯಿಂದ ಏನೂ ತಿಳಿಯುವುದಿಲ್ಲ. ಡಿವಿಡಿಸ್ಟೈಲರ್ ತಾನಾಗಿ ಮಾಡುವ ಕೆಲಸ ಕಡಿಮೆ: ವಿಡಿಯೊ ಪರಿವರ್ತನೆ ಎಫ್‌ಎಫ್‌ಎಂಪೆಗ್‌ನದು, ಮೆನುವಿನ ಬಟನ್‌ಗಳು ಸ್ಪುಮಕ್ಸ್‌ನವು, ಐಎಫ್‌ಒ (ಡಿಸ್ಕ್‌ನ ಸೂಚಿ) ಮತ್ತು ವಾಬ್ (ವಿಡಿಯೊ, ಆಡಿಯೊ ತುಂಬಿದ) ಫೈಲ್‌ಗಳನ್ನು ಕಟ್ಟುವುದು ಡಿವಿಡಿಆಥರ್, ಇಡೀ ಡಿಸ್ಕ್ ಒಂದೇ ಫೈಲ್ ಆಗಿರುವ ಐಎಸ್‌ಒ ಮಾಡುವುದು ಎಂಕೆಐಎಸ್‌ಒಎಫ್‌ಎಸ್. ವಿವರಗಳ ಲಾಗ್ ಬಿಚ್ಚಿ ಕೆಳಗಿನಿಂದ ಮೇಲಕ್ಕೆ ಓದುತ್ತಾ ಹೋಗಿ. ಯಾವ ಸಾಧನದ ಸಾಲು ಕೊನೆಗೆ ನಿಂತಿದೆಯೋ ಅಲ್ಲಿಂದ ಹುಡುಕಬೇಕು. ತಂತ್ರಾಂಶವನ್ನು ತೆಗೆದು ಮತ್ತೆ ಇನ್‌ಸ್ಟಾಲ್ ಮಾಡುವುದರಿಂದ ಇಂಥ ದೋಷ ಹೋಗುವುದು ತೀರಾ ಅಪರೂಪ. ಹೆಚ್ಚಿನ ಸಲ ತಪ್ಪು ಇರುವುದು ನಾವು ಕೊಟ್ಟ ಫೈಲ್‌ನಲ್ಲಿ.

ಡಿವಿಡಿಆಥರ್ 'ಎಸ್‌ಸಿಆರ್ ಮೂವ್ಸ್ ಬ್ಯಾಕ್‌ವರ್ಡ್ಸ್, ರೀಮಲ್ಟಿಪ್ಲೆಕ್ಸ್ ಇನ್‌ಪುಟ್' ಎಂದು ನಿಂತರೆ ಕಾರಣ ಹೀಗಿರುತ್ತದೆ. ಡಿವಿಡಿಯಲ್ಲಿ ಒಂದೇ ವಿಡಿಯೊ ಸುಮಾರು 1 ಜಿಬಿಯ ತುಂಡುಗಳಾಗಿ ವಿಟಿಎಸ್_01_1, ವಿಟಿಎಸ್_01_2 ಎಂದು ಸಾಗುತ್ತದೆ. ಇವು ಬೇರೆ ಬೇರೆ ಹಾಡುಗಳಲ್ಲ, ಹಾಡಿನ ನಡುವೆಯೇ ತುಂಡಾಗಿರಬಹುದು. ಹಾಗಾಗಿ ಇವನ್ನು ಒಂದೊಂದಾಗಿ ಸೇರಿಸುವುದು ತಪ್ಪು. ಸುಮ್ಮನೆ ಅಂಟಿಸಿದರೂ ಸಾಲದು. ಡಿವಿಡಿ ರೆಕಾರ್ಡರ್‌ನಲ್ಲಿ ಪ್ರತಿ ಸಲ ರೆಕಾರ್ಡ್ ಒತ್ತಿದಾಗಲೂ ಹೊಸ ವಾಬ್ ಐಡಿ (ಆ ತುಣುಕಿನ ಗುರುತು ಸಂಖ್ಯೆ) ಹುಟ್ಟುತ್ತದೆ, ಅದರ ಗಡಿಯಾರ, ಅಂದರೆ ಎಸ್‌ಸಿಆರ್, ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅಂಟಿಸಿದ ಫೈಲ್‌ನಲ್ಲಿ ಕಾಲ ಹಿಂದಕ್ಕೆ ಹಾರುತ್ತದೆ, ಡಿವಿಡಿಆಥರ್ ಅದನ್ನು ಒಪ್ಪುವುದಿಲ್ಲ.

ಇದಕ್ಕೆ ಪಿಜಿಸಿಡೀಮಕ್ಸ್ ಬಳಸಿ. ಇದು ಚಿಕ್ಕ, ಉಚಿತ ವಿಂಡೋಸ್ ಸಾಧನ. ಐಎಫ್‌ಒ ಫೈಲ್ ತೆರೆದು ವಾಬ್ ಐಡಿ ಪ್ರಕಾರ ಬೇರ್ಪಡಿಸಲು ಹೇಳಿ; ವಿಡಿಯೊ, ಆಡಿಯೊ ಬೇರೆಬೇರೆಯಾಗಿ ಬರುತ್ತವೆ. ಜೊತೆಗೆ ಸಿಗುವ ಲಾಗ್‌ನಲ್ಲಿ ಆಡಿಯೊ ವಿಳಂಬ ಮಿಲಿಸೆಕೆಂಡ್‌ಗಳಲ್ಲಿ ಬರೆದಿರುತ್ತದೆ. ಅದನ್ನು ಎಸೆಯಬೇಡಿ: ಮರುಜೋಡಿಸುವಾಗ ಆ ಅಂಕಿ ಕೊಡದಿದ್ದರೆ ತಬಲಾದ ಪೆಟ್ಟಿಗೂ ಕೈಯ ಚಲನೆಗೂ ತಾಳೆಯಾಗುವುದಿಲ್ಲ. ಸೆಲ್‌ಟೈಮ್ಸ್ ಎಂಬ ಪಠ್ಯ ಫೈಲ್‌ನಲ್ಲಿ ಹಳೆಯ ಅಧ್ಯಾಯಗಳ ಫ್ರೇಮ್ ಸಂಖ್ಯೆಗಳಿರುತ್ತವೆ. 25ರಿಂದ ಭಾಗಿಸಿದರೆ ಪಾಲ್ (ಸೆಕೆಂಡಿಗೆ 25 ಫ್ರೇಮ್‌ನ ಟಿವಿ ಪದ್ಧತಿ) ಡಿಸ್ಕ್‌ನ ಸೆಕೆಂಡುಗಳು ಸಿಗುತ್ತವೆ. ಪ್ರತಿ ಭಾಗದ ವಿಡಿಯೊ, ಆಡಿಯೊವನ್ನು ಬೇರೆಯಾಗಿಯೇ ಮರುಜೋಡಿಸಿ. ಎಫ್‌ಎಫ್‌ಎಂಪೆಗ್‌ನಲ್ಲಿ ಮಾಡುವುದಾದರೆ ಔಟ್‌ಪುಟ್ ನಮೂನೆ 'ಡಿವಿಡಿ' ಎಂದಿರಬೇಕು, 'ವಾಬ್' ಎಂದಲ್ಲ. ಎರಡನೆಯದರಲ್ಲಿ ಡಿವಿಡಿಆಥರ್‌ಗೆ ಬೇಕಾದ ನ್ಯಾವ್ ಪ್ಯಾಕ್‌ಗಳು (ಪ್ಲೇಯರ್‌ಗೆ ದಾರಿ ತೋರಿಸುವ ಗುರುತುಗಳು) ಇರುವುದಿಲ್ಲ; ಲಾಗ್ ತುಂಬ 'ಸ್ಕಿಪ್ಪಿಂಗ್ ಸೆಕ್ಟರ್' ಎಂಬ ಎಚ್ಚರಿಕೆಗಳೇ ಕಾಣುತ್ತವೆ.

ಹೀಗೆ ಶುದ್ಧವಾದ ಭಾಗಗಳನ್ನು ಡಿವಿಡಿಸ್ಟೈಲರ್‌ಗೆ ಸೇರಿಸಿ, ಟೈಟಲ್‌ನ ಪ್ರಾಪರ್ಟೀಸ್‌ನಲ್ಲಿ ವಿಡಿಯೊ, ಆಡಿಯೊ ಎರಡಕ್ಕೂ 'ಕಾಪಿ' ಆರಿಸಿ. ಈಗಾಗಲೇ ಡಿವಿಡಿಯ ವಿಡಿಯೊ ನಮೂನೆಯಾದ ಎಂಪೆಗ್-2ರಲ್ಲಿ ಇರುವುದನ್ನು ಮತ್ತೆ ಎನ್‌ಕೋಡ್ ಮಾಡಿದರೆ ಚಿತ್ರ ಕೆಡುತ್ತದೆ, ಗಂಟೆಗಟ್ಟಲೆ ಸಮಯವೂ ವ್ಯರ್ಥ. ಒಂದೇ ಟೈಟಲ್‌ಸೆಟ್‌ನೊಳಗೆ (ಟೈಟಲ್‌ಗಳ ಒಂದು ಗುಂಪಿನೊಳಗೆ) 4:3 ಮತ್ತು 16:9 ಬೆರೆಸಬೇಡಿ; ಪ್ರತ್ಯೇಕ ಟೈಟಲ್‌ಸೆಟ್ ಮಾಡಿ.

ಸಂಗೀತದ ಡಿಸ್ಕ್‌ಗೆ ಧ್ವನಿಯೇ ಮುಖ್ಯ, ಆದರೆ ಲೆಕ್ಕ ತಪ್ಪುವುದೂ ಅಲ್ಲೇ. ಡಿವಿಡಿ ವಿಡಿಯೊಗೆ 48 ಕಿಲೋಹರ್ಟ್ಸ್ ಆಡಿಯೊ ಬೇಕು. ಸಿಡಿಯಿಂದ ಬಂದ 44.1 ಕಿಲೋಹರ್ಟ್ಸ್ ಫೈಲನ್ನು ಮೊದಲು ಬದಲಿಸಿಕೊಳ್ಳಿ. ಸಂಕುಚಿಸದ ಧ್ವನಿಯಾದ 16 ಬಿಟ್ ಸ್ಟೀರಿಯೊ ಪಿಸಿಎಂ ಸೆಕೆಂಡಿಗೆ 1536 ಕಿಲೋಬಿಟ್ ತಿನ್ನುತ್ತದೆ. ವಿಡಿಯೊ ಒಂದಕ್ಕೇ ಗರಿಷ್ಠ 9.8 ಮೆಗಾಬಿಟ್ ಅವಕಾಶವಿದ್ದರೂ ಎಲ್ಲ ಸೇರಿ 10.08 ಮೀರುವಂತಿಲ್ಲ. ಪಿಸಿಎಂ ಇಟ್ಟುಕೊಂಡು ವಿಡಿಯೊದ ಗರಿಷ್ಠ ಮಿತಿಯನ್ನು 9ರಲ್ಲೇ ಬಿಟ್ಟರೆ 'ಬಫರ್ ಅಂಡರ್‌ಫ್ಲೋ' ಎಚ್ಚರಿಕೆ ಬರುವುದು ಇದಕ್ಕೇ. ಮಿತಿಯನ್ನು 8 ಮೆಗಾಬಿಟ್‌ಗೆ ಇಳಿಸಿ. 4.7 ಜಿಬಿ ಡಿಸ್ಕ್‌ನಲ್ಲಿ 90 ನಿಮಿಷದ ಕಾರ್ಯಕ್ರಮಕ್ಕೆ ಪಿಸಿಎಂ ಜೊತೆ ವಿಡಿಯೊಗೆ ಸರಾಸರಿ 5100 ಕಿಲೋಬಿಟ್ ಉಳಿಯುತ್ತದೆ. ಇದು ಚೆನ್ನಾಗಿಯೇ ಕಾಣುತ್ತದೆ. ಎರಡು ಗಂಟೆಯಾದರೆ ಉಳಿಯುವುದು 3500ಕ್ಕಿಂತ ಕಡಿಮೆ. ಆಗ ಸಂಕುಚಿಸಿದ ಧ್ವನಿ ನಮೂನೆಯಾದ 256 ಕಿಲೋಬಿಟ್‌ನ ಎಸಿ3ಗೆ ಬದಲಿಸಿದರೆ ವಿಡಿಯೊಗೆ 4700 ಸಿಗುತ್ತದೆ. ಫೋನ್‌ನಲ್ಲಿ ತೆಗೆದ ವಿಡಿಯೊದಲ್ಲಿ ಫ್ರೇಮ್ ದರ ಏರಿಳಿಯುವುದುಂಟು. ಹಾಡು ಸಾಗಿದಂತೆ ಧ್ವನಿ ಮೆಲ್ಲಗೆ ಜಾರುತ್ತಿದ್ದರೆ, ಮೊದಲು ಸ್ಥಿರ 25 ಫ್ರೇಮ್‌ಗೆ ಪರಿವರ್ತಿಸಿ ಆಮೇಲೆ ಸೇರಿಸಿ.

ಪ್ರತಿ ಹಾಡನ್ನೂ ಬೇರೆ ಟೈಟಲ್ ಮಾಡಬೇಡಿ. ಟೈಟಲ್‌ನಿಂದ ಟೈಟಲ್‌ಗೆ ಹಾರುವಾಗ ಪ್ಲೇಯರ್ ಒಂದು ಕ್ಷಣ ತಡೆಯುತ್ತದೆ, ಚಪ್ಪಾಳೆ ನಡುವೆಯೇ ಕತ್ತರಿಸಿ ಹೋಗುತ್ತದೆ. ಇಡೀ ಕಾರ್ಯಕ್ರಮ ಒಂದೇ ಟೈಟಲ್ ಆಗಿದ್ದು, ಹಾಡುಗಳು ಅಧ್ಯಾಯಗಳಾಗಿರಲಿ, 99ರವರೆಗೆ ಜಾಗವಿದೆ. ಅಧ್ಯಾಯ ಎಲ್ಲೆಂದರಲ್ಲಿ ಕೂರುವುದಿಲ್ಲ, ಫ್ರೇಮ್ ಗುಂಪಿನ ಅಂಚಿನಲ್ಲಷ್ಟೇ ಕೂರುತ್ತದೆ. ಪಾಲ್‌ನಲ್ಲಿ ಗುಂಪು 15 ಫ್ರೇಮ್‌ಗಳಷ್ಟು, ಅಂದರೆ 0.6 ಸೆಕೆಂಡ್‌ವರೆಗೆ ಇರಬಹುದು. ಹಾಡಿನ ಮೊದಲ ಸ್ವರದ ಮೇಲೆಯೇ ಗುರುತು ಇಟ್ಟರೆ ಅದು ನುಂಗಿಹೋಗುವ ಅಪಾಯವಿದೆ. ಒಂದು ಸೆಕೆಂಡ್ ಹಿಂದೆ, ನಿಶ್ಶಬ್ದದಲ್ಲಿ ಇಡಿ.

ಚಿಲ್ಲರೆ ದೋಷಗಳು ಇನ್ನೂ ಇವೆ. 'ಇಂಪ್ಲಿಮೆಂಟೇಶನ್ ಬಾಚ್, ವಿಡಿಯೊ ಪ್ಯಾಡ್' ಎಂದು ಎಂಕೆಐಎಸ್‌ಒಎಫ್‌ಎಸ್ ಗೊಣಗಿದರೆ ಐಎಫ್‌ಒದೊಳಗಿನ ಅಳತೆಗೂ ಫೈಲ್‌ಗಳ ನಿಜವಾದ ಗಾತ್ರಕ್ಕೂ ಹೊಂದಿಕೆಯಿಲ್ಲ. ಖಾಲಿ ಫೋಲ್ಡರ್‌ನಲ್ಲಿ ಮೊದಲಿನಿಂದ ಕಟ್ಟಿ. ಫೈಲ್, ಫೋಲ್ಡರ್ ಹೆಸರುಗಳಲ್ಲಿ ಕನ್ನಡ ಅಕ್ಷರ, ಉದ್ಧರಣ ಚಿಹ್ನೆ ಬೇಡ. ತಾತ್ಕಾಲಿಕ ಫೋಲ್ಡರ್ ಫ್ಯಾಟ್32 ಡ್ರೈವ್‌ನಲ್ಲಿದ್ದರೆ ಐಎಸ್‌ಒ 4 ಜಿಬಿ ಮುಟ್ಟುತ್ತಲೇ ನಿಲ್ಲುತ್ತದೆ. ಸ್ಪುಮಕ್ಸ್ ಬಣ್ಣಗಳ ಬಗ್ಗೆ ತಕರಾರು ತೆಗೆದರೆ ಬಟನ್ ಚಿತ್ರವನ್ನು ಸರಳ ಮಾಡಿ: ಪಾರದರ್ಶಕವೂ ಸೇರಿ ನಾಲ್ಕೇ ಬಣ್ಣಗಳಿಗೆ ಅಲ್ಲಿ ಅವಕಾಶ.

ಹಳೆಯ ಮೆನು ಹಾಗೇ ಉಳಿದು ಒಂದು ಹಾಡಷ್ಟೇ ಹೋಗಬೇಕಾದರೆ ಡಿವಿಡಿಸ್ಟೈಲರ್ ಸರಿಯಾದ ಆಯ್ಕೆಯೇ ಅಲ್ಲ. ವಾಬ್‌ಬ್ಲ್ಯಾಂಕರ್ ಎಂಬ ಸಾಧನ ತೆರೆದು, ಆ ಹಾಡಿನ ಸೆಲ್ (ಡಿವಿಡಿಯೊಳಗಿನ ವಿಡಿಯೊ ತುಣುಕು) ಆರಿಸಿ ಖಾಲಿ ಮಾಡಿ, ಬೇರೆ ಫೋಲ್ಡರ್‌ಗೆ ಬರೆಸಿ. ಮರು ಎನ್‌ಕೋಡ್ ಇಲ್ಲದೆ ನಿಮಿಷಗಳಲ್ಲಿ ಮುಗಿಯುತ್ತದೆ. ಆ ಹಾಡಿನ ಮೆನು ಬಟನ್ ಎಲ್ಲಿಗೆ ಹೋಗಬೇಕೆಂಬುದನ್ನು ಪಿಜಿಸಿಎಡಿಟ್‌ನಲ್ಲಿ ತಿದ್ದಬಹುದು.

ಡಿಸ್ಕ್‌ಗೆ ಬರೆಯುವ (ಬರ್ನ್) ಕೆಲಸ ಇಮ್ಗ್‌ಬರ್ನ್‌ಗೆ ಬಿಡುವುದು ವಾಸಿ. 2013ರ 2.5.8.0 ಆವೃತ್ತಿ ಇಂದಿಗೂ ಸಾಕು. ಇನ್‌ಸ್ಟಾಲ್ ಆಗುವಾಗ ಕೇಳುವ ಹೆಚ್ಚುವರಿ ತಂತ್ರಾಂಶಗಳನ್ನು ಮಾತ್ರ ಬೇಡವೆನ್ನಿ. ಐಎಫ್‌ಒಗೂ ಅದರ ಪ್ರತಿಯಾದ ಬಿಯುಪಿಗೂ ನಡುವೆ 32 ಕೆಬಿ ಅಂತರ ಇಡುವ ಆಯ್ಕೆ ಅದರಲ್ಲಿದೆ, ಹಾಗಾಗಿ ಒಂದೇ ಗೀರಿಗೆ ಎರಡೂ ಬಲಿಯಾಗುವುದು ತಪ್ಪುತ್ತದೆ. ವಿಎಲ್‌ಸಿಯಲ್ಲಿ ಓಡಿತೆಂದು ನಂಬಬೇಡಿ, ಅದು ಅನೇಕ ತಪ್ಪುಗಳನ್ನು ಸಹಿಸಿಕೊಳ್ಳುತ್ತದೆ. ಮೊದಲು ಅಳಿಸಿ ಮತ್ತೆ ಬರೆಯಬಹುದಾದ ಆರ್‌ಡಬ್ಲ್ಯೂ ಡಿಸ್ಕ್‌ಗೆ ಬರೆದು, ಟಿವಿಗೆ ಜೋಡಿಸಿದ ಪ್ಲೇಯರ್‌ನಲ್ಲಿ ಪ್ರತಿ ಬಟನ್ ಒತ್ತಿ, ಪ್ರತಿ ಅಧ್ಯಾಯಕ್ಕೂ ಹಾರಿ ನೋಡಿ. ಎಲ್ಲವೂ ಸರಿಯಿದ್ದರೆ ಅದೇ ಐಎಸ್‌ಒವನ್ನು ಒಳ್ಳೆಯ ಡಿಸ್ಕ್‌ಗೆ ವೆರಿಫೈ ಆಯ್ಕೆಯೊಂದಿಗೆ ಬರೆಯಿರಿ.